ಬಚ್ಚಲುಮನೆಯ ಟೈಲು: ಛೇದನ–ರಂಧ್ರಣ ಮೀಮಾಂಸೆ

ಬಚ್ಚಲುಮನೆಯ ಗೋಡೆಗೆ ಹಚ್ಚಬೇಕಾದ ಟೈಲನ್ನು ಬೇಕಾದ ಪರಿಮಾಣಕ್ಕೆ ತರುವ ಛೇದನ, ಅದರಲ್ಲಿ ನಲ್ಲಿಗೂ ತಿರುಪುಮೊಳೆಗೂ ದಾರಿ ಮಾಡುವ ರಂಧ್ರಣ, ಇವೆರಡೂ ಇಲ್ಲಿ ವಿಷಯ. ಗಾರೆ ಕಲಸುವುದು, ಟೈಲು ಕೂರಿಸುವುದು, ಸಂಧಿಗೆ ಗ್ರೌಟ್ ತುಂಬುವುದು ವಿಷಯಾಂತರಗಳಾದ್ದರಿಂದ ಪ್ರಸಂಗ ಬಂದಲ್ಲಿ ಮಾತ್ರ ಸ್ಪರ್ಶಿಸಲ್ಪಡುತ್ತವೆ. ಸ್ವಹಸ್ತದಿಂದ ಕೆಲಸ ಮಾಡಬಯಸುವ ಗೃಹಸ್ಥನೂ ಗೃಹಿಣಿಯೂ ಅಧಿಕಾರಿಗಳು. ಒಡೆಯದ ಟೈಲು, ಕೊಯ್ಯದ ಬೆರಳು ಪ್ರಯೋಜನ. ಮೇಸ್ತ್ರಿಗೆ ಈ ಶಾಸ್ತ್ರದಿಂದ ಪ್ರಯೋಜನವಿಲ್ಲ. ಅವನಿಗೆ ಇದು ಅಭ್ಯಾಸದಿಂದಲೇ ಸಿದ್ಧ.

ಮೊದಲು ಲಕ್ಷಣವಿಚಾರ. ‘ಟೈಲನ್ನು ಇಬ್ಭಾಗಿಸುವುದು ಛೇದನ’ ಎಂದಷ್ಟೇ ಹೇಳಿದರೆ ಕೈಜಾರಿ ಬಿದ್ದು ಒಡೆದ ಟೈಲಿನಲ್ಲಿ ಅತಿವ್ಯಾಪ್ತಿ. ‘ಯಂತ್ರದಿಂದ ಇಬ್ಭಾಗಿಸುವುದು’ ಎಂದರೆ ಇಕ್ಕಳದಿಂದ ಅಂಚನ್ನು ಕಿತ್ತು ತೆಗೆಯುವಲ್ಲಿ ಅವ್ಯಾಪ್ತಿ. ಆದ್ದರಿಂದ ಪೂರ್ವನಿಶ್ಚಿತ ರೇಖೆಯನ್ನು ಮೀರದಂತೆ ಟೈಲಿನ ಅಂಶವನ್ನು ಬೇರ್ಪಡಿಸುವ ಕ್ರಿಯೆಯೇ ಛೇದನ ಎಂಬುದು ನಿರ್ದುಷ್ಟ ಲಕ್ಷಣ. ಆ ರೇಖೆಯು ಯಾವ ಅಂಚನ್ನೂ ಮುಟ್ಟದೆ ತನ್ನಲ್ಲೇ ಸಮಾಪ್ತವಾದರೆ ಅದು ರಂಧ್ರಣ. ಹೀಗಾಗಿ ಪೈಪಿಗೆಂದು ಟೈಲಿನ ಅಂಚಿನಲ್ಲಿ ತೆಗೆದ ಅರ್ಧಚಂದ್ರಾಕಾರ ಖಂಡವು ಲೋಕದಲ್ಲಿ ‘ತೂತು’ ಎಂದು ವ್ಯವಹರಿಸಲ್ಪಟ್ಟರೂ ಶಾಸ್ತ್ರದೃಷ್ಟಿಯಿಂದ ಛೇದನವೇ. ಈ ಭೇದ ನಿಷ್ಫಲವಲ್ಲ: ಮುಂದೆ ಸಾಧನನಿರ್ಣಯ ಮಾಡುವಾಗ ಇದೇ ಗಡಿ ಉಪಯೋಗಕ್ಕೆ ಬರುತ್ತದೆ.

ಟೈಲೆಂಬುದು ಏಕದ್ರವ್ಯವಲ್ಲ. ಕೆಳಗೆ ಒತ್ತಿ ಸುಟ್ಟ ಮಣ್ಣಿನ ಕಾಯ, ಮೇಲೆ ಮಿಲಿಮೀಟರಿಗಿಂತಲೂ ತೆಳುವಾದ ಗಾಜಿನಂಥ ಮೆರುಗು. ಕಾಯದ ಜಲಗ್ರಹಣಶಕ್ತಿಯೇ ಭೇದಕಧರ್ಮ. ಭಾರತೀಯ ಮಾನಕ ಐಎಸ್ 15622 ಈ ಆಧಾರದ ಮೇಲೆ ಒತ್ತಿ ತಯಾರಿಸಿದ ಟೈಲುಗಳನ್ನು ವರ್ಗೀಕರಿಸುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ನೀರು ಹೀರುವುದು ಒಂದು ಕೊನೆ; ಗೋಡೆಗೆ ಸಾಮಾನ್ಯವಾಗಿ ಹಚ್ಚುವ ಸೆರಾಮಿಕ್ ಟೈಲು ಇದೇ. ಹೆಚ್ಚುಕಡಿಮೆ ನೀರನ್ನೇ ಹೀರದಿರುವುದು ಇನ್ನೊಂದು ಕೊನೆ. ವಿಟ್ರಿಫೈಡ್ ಎಂದು ಅಂಗಡಿಯಲ್ಲಿ ಕರೆಯುವುದು ಇದನ್ನು. ನಡುವಿನ ವರ್ಗಗಳ ವಿಚಾರ ಇಲ್ಲಿ ಬೇಡ. ಗುಜರಾತಿನ ಮೋರ್ಬಿಯಿಂದ ಬಂದ ಡಬ್ಬದ ಮೇಲೆ ಏನೇ ಹೆಸರಿರಲಿ, ಸಂಶಯ ಬಂದರೆ ಪರೀಕ್ಷೆ ಸುಲಭ: ಟೈಲಿನ ಹಿಂಬದಿಗೆ ಒಂದು ಹನಿ ನೀರು ಬಿಡಬೇಕು. ಕ್ಷಣದಲ್ಲಿ ಇಂಗಿದರೆ ಸೆರಾಮಿಕ್, ಹಾಗೆಯೇ ನಿಂತರೆ ವಿಟ್ರಿಫೈಡ್.

ಇನ್ನು ವಿಭಾಗ. ಛೇದನ ಎರಡೇ ವಿಧ: ಭಂಗಛೇದನ ಮತ್ತು ಘರ್ಷಣಛೇದನ. ಮೊದಲನೆಯದರಲ್ಲಿ ಒಂದು ಬಿರುಕನ್ನು ಹುಟ್ಟಿಸಿ, ಅದನ್ನು ನಮಗೆ ಬೇಕಾದ ದಾರಿಯಲ್ಲಿ ಓಡಿಸಲಾಗುತ್ತದೆ. ಎರಡನೆಯದರಲ್ಲಿ ಬಿರುಕೇ ಹುಟ್ಟದಂತೆ ಕಣಕಣವಾಗಿ ಸವೆಸಲಾಗುತ್ತದೆ. ಒಂದರಲ್ಲಿ ಬಿರುಕು ಸಾಧನ, ಇನ್ನೊಂದರಲ್ಲಿ ಅದೇ ದೋಷ. ಮನೆಯಲ್ಲಿ ಒಡೆಯುವ ಟೈಲುಗಳಲ್ಲಿ ಬಹುಪಾಲು ಈ ಎರಡರ ಸಾಂಕರ್ಯದಿಂದಲೇ ಒಡೆಯುತ್ತವೆ: ಬಿರುಕು ಬೇಕಾದಲ್ಲಿ ಸವೆಸಲು ಹೋಗುವುದು, ಸವೆಸಬೇಕಾದಲ್ಲಿ ಬಡಿಯುವುದು. ‘ಇಕ್ಕಳದಿಂದ ಕೀಳುವುದೂ ಉಳಿಯಿಂದ ಕೆತ್ತುವುದೂ ಮೂರನೆಯ ವಿಧವಲ್ಲವೇ?’ ಎಂದರೆ, ಅಲ್ಲ. ಅಲ್ಲಿ ಸಣ್ಣ ಸಣ್ಣ ಬಿರುಕುಗಳ ಪರಂಪರೆಯಿದೆ. ಅದು ಭಂಗದಲ್ಲೇ ಅಂತರ್ಗತ.

ಭಂಗಛೇದನದ ಸಾಧನ ಕೈಕಟರು. ಉಕ್ಕಿನ ಹಳಿಗಳ ಮೇಲೆ ಸರಿಯುವ ಹಿಡಿಕೆ, ಅದರ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಚಕ್ರ, ಮುರಿಯಲು ಎರಡು ಕಡೆ ಒತ್ತುವ ಪಾದ. ಚಕ್ರವು ಮೆರುಗಿನ ಮೇಲೆ ಗೀರುತ್ತದೆ, ಪಾದವು ಗೀರಿನ ಎರಡೂ ಬದಿಗೆ ಒತ್ತಿ ಟೈಲನ್ನು ಬಾಗಿಸುತ್ತದೆ, ಟೈಲು ಮುರಿಯುತ್ತದೆ. ಕೂದಲೆಳೆಯಷ್ಟು ಗೀರಿನಿಂದ ಎಂಟು ಮಿಲಿಮೀಟರ್ ದಪ್ಪದ ಕಾಯ ಹೇಗೆ ಮುರಿಯುತ್ತದೆ ಎಂಬ ಪ್ರಶ್ನೆಗೆ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧ ಉತ್ತರಿಸುತ್ತದೆ. ಭಿದುರವಸ್ತುವಿನ ಬಲವನ್ನು ನಿರ್ಣಯಿಸುವುದು ಅದರ ದಪ್ಪವೊಂದೇ ಅಲ್ಲ, ಅದರ ಮೇಲಿನ ದೋಷಗಳು. ಅದಕ್ಕೂ ಮೊದಲು, 1913ರಲ್ಲಿ, ದೋಷದ ತುದಿ ಚೂಪಾದಷ್ಟೂ ಅಲ್ಲಿ ಒತ್ತಡ ಸಾಂದ್ರವಾಗುತ್ತದೆ ಎಂದು ಇಂಗ್ಲಿಸ್ ಎಂಬವರು ಗಣಿತದಿಂದ ತೋರಿಸಿದ್ದರು. ಗೀರು ಎಂದರೆ ಉದ್ದೇಶಪೂರ್ವಕವಾಗಿ ಇಟ್ಟ ದೋಷ. ಟೈಲು ಬಾಗಿದಾಗ ಎಲ್ಲೋ ಒಂದೆಡೆ ಮುರಿಯಲೇಬೇಕು. ಎಲ್ಲಿ ಎಂಬುದನ್ನು ಮಾತ್ರ ಗೀರು ನಿರ್ದೇಶಿಸುತ್ತದೆ.

ಇಲ್ಲಿ ಪೂರ್ವಪಕ್ಷ: ‘ಒಂದು ಗೀರಿನಿಂದ ಇಷ್ಟು ಫಲವಾದರೆ ಮೂರು ನಾಲ್ಕು ಗೀರುಗಳಿಂದ ಫಲಾಧಿಕ್ಯ. ಆಳವಾದಷ್ಟೂ ಸುಲಭವಾಗಿ ಮುರಿದೀತು.’ ಅನುಭವವಿಲ್ಲದವರೆಲ್ಲ ಹೀಗೆಯೇ ಮಾಡುತ್ತಾರೆ; ಆದರೆ ಇದು ಅನುಪಪನ್ನ. ಗೀರಿನ ಫಲ ಆಳದಿಂದಲ್ಲ, ತೀಕ್ಷ್ಣತೆಯಿಂದ. ಎರಡನೆಯ ಸಲ ಓಡಿದ ಚಕ್ರ ಮೊದಲಿನ ಗೀರಿನ ತಳವನ್ನು ಪುಡಿಮಾಡಿ ಮೊಂಡಾಗಿಸುತ್ತದೆ. ಪಕ್ಕಕ್ಕೆ ಹೊಸ ಬಿರುಕುಗಳನ್ನೂ ಹುಟ್ಟಿಸುತ್ತದೆ. ಆಗ ಮುರಿಯುವ ಬಿರುಕಿಗೆ ಹಲವು ದಾರಿಗಳು ತೆರೆದುಕೊಂಡು, ಯಾವುದನ್ನು ಹಿಡಿದೀತೆಂಬ ನಿಯಮವೇ ಉಳಿಯುವುದಿಲ್ಲ. ಆದ್ದರಿಂದ ಅಂಚಿನಿಂದ ಅಂಚಿನವರೆಗೆ ಒಂದೇ ಒತ್ತಡದ ಒಂದೇ ಗೀರು. ಗೀರು ಅಂಚನ್ನು ಮುಟ್ಟದೆ ನಿಂತರೆ ಮುರಿತವೂ ಅಲ್ಲಿಂದ ಸ್ವೇಚ್ಛಾಚಾರಿ. ಗೀರುವಾಗ ಸಣ್ಣ ಅಖಂಡ ಸದ್ದು ಕೇಳುತ್ತಿರಬೇಕು. ನಡುನಡುವೆ ನಿಂತ ಸದ್ದು ನಡುನಡುವೆ ನಿಂತ ಗೀರಿನ ಲಿಂಗ.

ಬಿರುಕಿನ ಸ್ವಭಾವದಿಂದಲೇ ಭಂಗಛೇದನದ ಸೀಮೆಯೂ ಸಿದ್ಧವಾಗುತ್ತದೆ. ಬಿರುಕು ಹೊರಟರೆ ಅಂಚಿನವರೆಗೆ ಓಡುತ್ತದೆ, ಟೈಲಿನ ನಡುವೆ ನಿಲ್ಲೆಂದರೆ ನಿಲ್ಲದು. ಅದು ತೀವ್ರವಾಗಿ ತಿರುಗದು. ಆದ್ದರಿಂದ ಅಂಚಿನಿಂದ ಅಂಚಿಗೆ ಹೋಗುವ ಋಜುರೇಖೆಯಲ್ಲಿ ಮಾತ್ರ ಅದಕ್ಕೆ ಅಧಿಕಾರ. ಮೂಲೆ ಕತ್ತರಿಸಿದ ಆಕೃತಿ, ಕಮಾನು, ರಂಧ್ರ, ಇವೆಲ್ಲ ಘರ್ಷಣದ ವಿಷಯ. ಋಜುರೇಖೆಯಲ್ಲೂ ಒಂದು ಅಪವಾದವಿದೆ. ಗೀರು ಟೈಲಿನ ಅಂಚಿಗೆ ಒಂದೆರಡು ಬೆರಳಗಲದಷ್ಟು ಹತ್ತಿರವಿದ್ದರೆ ಎರಡು ಬದಿಯ ಬಾಗು ಸಮವಾಗುವುದಿಲ್ಲ. ಬಿರುಕು ಗೀರನ್ನು ಬಿಟ್ಟು ದುರ್ಬಲವಾದ ಕಿರಿಯ ಬದಿಗೆ ಜಾರುತ್ತದೆ. ಅಂಥ ಪಟ್ಟಿಯನ್ನು ಸವೆಸಿಯೇ ತೆಗೆಯಬೇಕು.

ಆ ಪಟ್ಟಿಯ ಪ್ರಸಂಗವೇ ಬಾರದಂತೆ ನೋಡುವುದು ಇನ್ನೂ ಲೇಸು. 1850 ಮಿಲಿಮೀಟರ್ ಅಗಲದ ಗೋಡೆ, 300 ಅಗಲದ ಟೈಲು, 2 ಮಿಲಿಮೀಟರ್ ಸಂಧಿ ಎಂದಿಟ್ಟುಕೊಳ್ಳೋಣ. ಒಂದು ಮೂಲೆಯಿಂದ ಹೊರಟು ಆರು ಟೈಲು ಹಚ್ಚಿದರೆ 1810. ಇನ್ನೊಂದು ಸಂಧಿ ಕಳೆದು ಉಳಿಯುವುದು 38. ಈ ಕಿರುಪಟ್ಟಿಯನ್ನು ಗೋಡೆಯ ಎತ್ತರದುದ್ದಕ್ಕೂ ಪ್ರತಿ ಸಾಲಿನಲ್ಲಿ ಕತ್ತರಿಸಬೇಕು, ನೋಡಲೂ ಕುರೂಪ. ಬದಲಿಗೆ ಐದು ಪೂರ್ಣ ಟೈಲುಗಳನ್ನು ನಡುವಿಗಿಟ್ಟರೆ ಅವೂ ಆರು ಸಂಧಿಗಳೂ ಸೇರಿ 1512. ಉಳಿದ 338 ಎರಡು ಮೂಲೆಗಳಿಗೂ 169ರಂತೆ ಹಂಚಿಹೋಗುತ್ತದೆ. ಸಾಲಿಗೆ ಒಂದು ಛೇದನ ಹೆಚ್ಚಾಯಿತು, ಆದರೆ ಎರಡೂ ಕೈಕಟರಿಗೆ ಸುಸಾಧ್ಯ. ಸಂಖ್ಯಾಲಾಘವಕ್ಕಿಂತ ಕ್ರಿಯಾಲಾಘವ ಪ್ರಬಲ. ಮೂಲೆಗಳು ತೂಗುಗುಂಡಿಗೆ ಸರಿಯಾಗಿರುವ ಮನೆಗಳು ವಿರಳವಾದ್ದರಿಂದ 169 ಎಂಬುದು ಗಣಿತದ ಮಾತು. ಪ್ರತಿ ಸಾಲಿನಲ್ಲೂ ಟೈಲಿನ ಮೇಲ್ತುದಿ, ಕೆಳತುದಿ ಎರಡರ ಅಳತೆಯನ್ನೂ ಬೇರೆ ಬೇರೆ ತೆಗೆದುಕೊಳ್ಳತಕ್ಕದ್ದು. ಕತ್ತರಿಸಿದ ಅಂಚು ಮೂಲೆಗೆ, ಕಾರ್ಖಾನೆಯ ಅಂಚು ಕಾಣುವ ಕಡೆಗೆ.

ಮತ್ತೆ ಪೂರ್ವಪಕ್ಷ: ‘ಋಜುರೇಖೆಯನ್ನು ಗ್ರೈಂಡರಿನಿಂದಲೂ ಸಾಧಿಸಬಹುದು. ಒಂದೇ ಯಂತ್ರ ಎಲ್ಲವನ್ನೂ ಮಾಡುವಾಗ ಕೈಕಟರಿನ ವಿಧಿ ವ್ಯರ್ಥ.’ ಭತ್ತದ ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಾದರೂ ಕುಟ್ಟಿಯೇ ತೆಗೆಯಬೇಕೆಂಬಲ್ಲಿ ಮೀಮಾಂಸಕರು ನಿಯಮವಿಧಿಯನ್ನು ಒಪ್ಪಿದ್ದಾರೆ. ಅಲ್ಲಿ ನಿಯಮದ ಫಲ ಅದೃಷ್ಟ. ಇಲ್ಲಿ ದೃಷ್ಟವೇ ಆಗಿದೆ. ಕೈಕಟರಿನಲ್ಲಿ ಧೂಳಿಲ್ಲ, ವಿದ್ಯುತ್ತಿಲ್ಲ. ಗ್ರೈಂಡರಿನ 100 ಮಿಲಿಮೀಟರ್ ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್. ಬಡಗಿಯ ಗರಗಸದಂಥ ಹಲ್ಲಿನ ಚಕ್ರವನ್ನು ಅದಕ್ಕೆ ತೊಡಿಸುವುದೂ ಕವಚ ಕಳಚಿ ಓಡಿಸುವುದೂ ನಿಷಿದ್ಧ. ಟೈಲಿನ ಕಾಯದಲ್ಲಿರುವ ಸ್ಫಟಿಕಶಿಲೆಯ ನುಣ್ಣನೆ ಧೂಳು ಶ್ವಾಸಕೋಶದಲ್ಲಿ ನೆಲೆನಿಂತು ಸಿಲಿಕೋಸಿಸ್ ತರುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮುಖಗವಸು, ಕನ್ನಡಕ, ಬಯಲು ಜಾಗ, ನೀರು, ಇವು ಅಂಗಗಳು. ಆದುದರಿಂದ ಭಂಗ ಉತ್ಸರ್ಗ, ಘರ್ಷಣ ಅಪವಾದ.

ಘರ್ಷಣದ ಸಾಧನ ವಜ್ರಚಕ್ರ. ಅದು ದ್ವಿವಿಧ: ಅಂಚು ಅಖಂಡವಾಗಿರುವುದು, ಅಂಚಿನಲ್ಲಿ ಕಚ್ಚುಗಳಿರುವುದು. ಕಚ್ಚುಗಳದ್ದು ಕಲ್ಲಿಗೆ, ಕಾಂಕ್ರೀಟಿಗೆ. ಟೈಲಿನಲ್ಲಿ ಪ್ರತಿ ಕಚ್ಚೂ ಮೆರುಗಿಗೆ ಒಂದು ಪೆಟ್ಟು. ಟೈಲಿಗೆ ಅಖಂಡವೇ ಗ್ರಾಹ್ಯ. ಚಕ್ರವು ಟೈಲನ್ನು ಪ್ರವೇಶಿಸುವ ಬದಿ ಸ್ವಚ್ಛ, ನಿರ್ಗಮಿಸುವ ಬದಿ ಚೂರುಚೂರು. ಆದ್ದರಿಂದ ಮೆರುಗು ಪ್ರವೇಶದ ಬದಿಗಿರಬೇಕು.

ನೀರಿನ ವಿಷಯದಲ್ಲಿ ಲೋಕದಲ್ಲಿ ಒಂದು ವಾದವಿದೆ: ‘ಟೈಲನ್ನು ರಾತ್ರಿಯೆಲ್ಲ ನೆನೆಹಾಕಿದರೆ ಮೆತ್ತಗಾಗುತ್ತದೆ, ಕತ್ತರಿಸಲು ಸುಲಭ.’ ಸೆರಾಮಿಕ್ ಟೈಲನ್ನು ನೆನೆಹಾಕುವ ಪದ್ಧತಿ ನಿಜ, ಆದರೆ ಅದರ ಫಲ ಬೇರೆ: ಒಣ ಕಾಯವು ಸಿಮೆಂಟುಗಾರೆಯ ನೀರನ್ನು ಹೀರಿ ಅಂಟುವಿಕೆಯನ್ನು ಕೆಡಿಸದಿರಲಿ ಎಂದು. ಸುಟ್ಟ ಮಣ್ಣು ಮತ್ತೆ ನೀರಿನಲ್ಲಿ ಮೆತ್ತಗಾಗುವುದಾದರೆ ಬಚ್ಚಲಿಗೆ ಅದನ್ನು ಹಚ್ಚುವುದೇ ವಿರುದ್ಧವಾದೀತು. ವಿಟ್ರಿಫೈಡ್ ಅಂತೂ ನೆನೆಯುವುದೇ ಇಲ್ಲ. ಆದರೂ ಪೂರ್ವಪಕ್ಷಿಯ ಮಾತಿನಲ್ಲಿ ಒಂದಂಶ ಉಳಿಯುತ್ತದೆಂದು ನ್ಯಾಯವಾಗಿ ಒಪ್ಪಬೇಕು. ಗಾಜಿನ ಬಿರುಕಿನ ತುದಿಯಲ್ಲಿ ನೀರಿನ ಅಣುಗಳು ಸಿಲಿಕಾನ್–ಆಮ್ಲಜನಕ ಬಂಧವನ್ನು ಕಡಿದು ಬಿರುಕಿನ ಬೆಳವಣಿಗೆಗೆ ನೆರವಾಗುತ್ತವೆ. ಅದು ತುದಿಯ ಧರ್ಮ, ಕಾಯದ ಮೃದುತ್ವವಲ್ಲ. ಘರ್ಷಣದಲ್ಲಿ ನೀರಿನ ಕಾರ್ಯ ಬೇರೆ ಎರಡು: ತಂಪು ಮಾಡುವುದು, ಧೂಳನ್ನು ಹಿಡಿಯುವುದು. ಗಾಳಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಜ್ರವೇ ಉತ್ಕರ್ಷಣಗೊಂಡು ಸವೆಯುತ್ತದೆ. ಅದಕ್ಕೂ ಮುನ್ನ ಬಿಸಿಯ ಅಸಮತೆಯಿಂದ ಮೆರುಗು ಸೀಳಬಹುದು.

ಮೂಲೆ ಕತ್ತರಿಸುವ ಸಂದರ್ಭ ಅತ್ಯಂತ ಸೂಕ್ಷ್ಮ. ಸ್ವಿಚ್ಚಿನ ಪೆಟ್ಟಿಗೆಯನ್ನೋ ಕಿಟಕಿಯ ಮೂಲೆಯನ್ನೋ ಬಳಸಲು ಟೈಲಿನಿಂದ ಒಂದು ಆಯತವನ್ನು ತೆಗೆದರೆ ಒಳಮೂಲೆಯೊಂದು ಉಂಟಾಗುತ್ತದೆ. ಇಂಗ್ಲಿಸ್ ತೋರಿಸಿದ ನಿಯಮ ಇಲ್ಲಿ ಪ್ರತಿಕೂಲವಾಗಿ ಪ್ರವರ್ತಿಸುತ್ತದೆ: ಚೂಪಾದ ಒಳಮೂಲೆ ಬಿರುಕಿನ ಜನ್ಮಸ್ಥಾನ. ಜೊತೆಗೆ ಚಕ್ರ ದುಂಡಗಿರುವುದರಿಂದ ಇನ್ನೊಂದು ಸಂಕಟ. 110 ಮಿಲಿಮೀಟರ್ ವ್ಯಾಸದ ಚಕ್ರವನ್ನು 8 ಮಿಲಿಮೀಟರ್ ಟೈಲಿನೊಳಗೆ 10 ಮಿಲಿಮೀಟರ್ ಆಳಕ್ಕೆ ಇಳಿಸಿದರೆ ಮೇಲಿನ ಸೀಳು ಕೆಳಗಿನದಕ್ಕಿಂತ ಸುಮಾರು 17 ಮಿಲಿಮೀಟರ್ ಮುಂದೆ ಹೋಗಿರುತ್ತದೆ. 25 ಮಿಲಿಮೀಟರ್ ಇಳಿಸಿದರೆ ಅಂತರ 6ಕ್ಕೆ ತಗ್ಗುತ್ತದೆ, ಶೂನ್ಯವಾಗದು. ‘ಹಾಗಾದರೆ ಹಿಂಬದಿಯಿಂದ ಕತ್ತರಿಸಿ, ಹೆಚ್ಚುವರಿ ಸೀಳು ಗೋಡೆಯ ಕಡೆಗೆ ಮರೆಯಾಗಲಿ’ ಎಂದರೆ, ಆಗ ಮೆರುಗು ನಿರ್ಗಮನದ ಬದಿಗೆ ಬಂದು ಮೊದಲು ಹೇಳಿದ ವಿಧಿಗೆ ವಿರೋಧ. ಎರಡಕ್ಕೂ ಪರಿಹಾರ ಒಂದೇ ಉಪಾಯದಲ್ಲಿದೆ: ಒಳಮೂಲೆಯಲ್ಲಿ ಮೊದಲು 10 ಮಿಲಿಮೀಟರಿನ ರಂಧ್ರ ಮಾಡಿ, ಆಮೇಲೆ ಎರಡು ಕಡೆಯಿಂದ ಅದರವರೆಗೆ ಕೊಯ್ಯುವುದು. ಮುಂದೆ ಹೋಗುವ 6 ಮಿಲಿಮೀಟರ್ ಸೀಳು ರಂಧ್ರದ ಅವಕಾಶದಲ್ಲೇ ಲೀನವಾಗುತ್ತದೆ; ಚೂಪುಮೂಲೆ ದುಂಡಾಗುತ್ತದೆ. ಆತುರದವರು ಬಿಟ್ಟುಬಿಡುವ ಹೆಜ್ಜೆಯೂ ಇದೇ.

‘ರಂಧ್ರವೂ ಒತ್ತಡವನ್ನು ಸಾಂದ್ರಗೊಳಿಸುತ್ತದಲ್ಲವೇ?’ ಗೊಳಿಸುತ್ತದೆ. ವಿಶಾಲ ಫಲಕದ ವೃತ್ತಾಕಾರದ ರಂಧ್ರದ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಕಿರ್ಷ್ ಎಂಬವರು 1898ರಲ್ಲೇ ಲೆಕ್ಕಹಾಕಿದ್ದರು. ಆದರೆ ಮೂರು ಪಟ್ಟು ಎಂಬುದಕ್ಕೆ ಮೇರೆಯಿದೆ, ಚೂಪುಮೂಲೆಯದಕ್ಕೆ ಇಲ್ಲ. ದೋಷದ್ವಯದಲ್ಲಿ ಲಘುವಾದದ್ದು ಗ್ರಾಹ್ಯ.

ಇನ್ನು ರಂಧ್ರಣಪ್ರಕರಣ. ಅದು ಪ್ರಯೋಜನಭೇದದಿಂದ ದ್ವಿವಿಧ: ಜಲಮಾರ್ಗಕ್ಕೆ, ಬಂಧನಕ್ಕೆ. ಅರ್ಧ ಇಂಚಿನ ಪೈಪಿನ ತುದಿ, ವಾಲ್ ಮಿಕ್ಸರಿನ ಕಾಲು, ಗೀಸರಿನ ಆಂಗಲ್ ವಾಲ್ವ್, ಇವಕ್ಕೆ ಬೇಕಾದದ್ದು ದೊಡ್ಡ ರಂಧ್ರ. ಅದನ್ನು ಟೈಲು ಹಚ್ಚುವ ಮೊದಲೇ, ನೆಲದ ಮೇಲೆ ಸಮವಾದ ಆಧಾರವಿಟ್ಟು ಮಾಡಬೇಕು. ರಂಧ್ರ ಪೈಪಿಗಿಂತ ದೊಡ್ಡದು, ಮೇಲೆ ಮುಚ್ಚುವ ಫ್ಲ್ಯಾಂಜಿಗಿಂತ ಚಿಕ್ಕದು. ಈ ಎರಡು ಮಿತಿಗಳ ನಡುವೆ ಎಲ್ಲಿದ್ದರೂ ಅಡ್ಡಿಯಿಲ್ಲ. ಟವೆಲ್ ರಾಡು, ಸೋಪಿನ ಗೂಡು, ಕನ್ನಡಿ, ಇವುಗಳ ತಿರುಪಿಗೆ ಬೇಕಾದದ್ದು ಸಣ್ಣ ರಂಧ್ರ. ಅದನ್ನು ಟೈಲು ಹಚ್ಚಿ ಗಾರೆ ಗಟ್ಟಿಯಾದ ಮೇಲೆ. ಬೆನ್ನಿಗೆ ಆಧಾರವಿರುವುದೇ ಅದಕ್ಕೆ ರಕ್ಷೆ. ಬೆರಳಗಂಟಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಜಾಗದಲ್ಲಿ ರಂಧ್ರ ಬೇಡ.

ಸಾಧನವೂ ದ್ವಿವಿಧ. ಭಲ್ಲೆಯ ಮೊನೆಯಂಥ ಕಾರ್ಬೈಡ್ ಬಿಟ್ ಸೆರಾಮಿಕ್ಕಿಗೆ ಸಾಕು. ವಿಟ್ರಿಫೈಡಿನಲ್ಲಿ ಅದು ಕೆಂಪಗೆ ಕಾದು ಮೊಂಡಾಗುತ್ತದೆ; ಅಲ್ಲಿ ಟೊಳ್ಳಾದ ವಜ್ರದ ಬಿಟ್ಟೇ ಬೇಕು. ಈ ಟೊಳ್ಳು ಬಿಟ್ಟಿಗೆ ಮಧ್ಯದ ಮೊನೆಯಿಲ್ಲದ ಕಾರಣ ಆರಂಭದಲ್ಲಿ ಜಾರುತ್ತದೆ: ಓರೆಯಾಗಿ ಹಿಡಿದು ಬಾಲಚಂದ್ರಾಕಾರದ ಗಾಯ ಮಾಡಿ, ನಿಧಾನವಾಗಿ ನೇರಕ್ಕೆ ತರಬೇಕು. ಮಾಸ್ಕಿಂಗ್ ಟೇಪಿನ ವಿಷಯದಲ್ಲಿ ಒಂದು ಭ್ರಾಂತಿಯುಂಟು. ಅದು ಟೈಲು ಸೀಳದಂತೆ ತಡೆಯುತ್ತದೆಂದು ಹಲವರು ನಂಬುತ್ತಾರೆ. ತಡೆಯುವುದು ಜಾರುವಿಕೆಯನ್ನು ಮಾತ್ರ. ವೇಗದಲ್ಲಿ ನಿಯಮ ವ್ಯಾಸಕ್ಕೆ ವಿಲೋಮ. ನಿಮಿಷಕ್ಕೆ 900 ಸುತ್ತಿನಲ್ಲಿ 6 ಮಿಲಿಮೀಟರ್ ಬಿಟ್ಟಿನ ಅಂಚು ನಿಮಿಷಕ್ಕೆ 17 ಮೀಟರ್ ಓಡಿದರೆ 35 ಮಿಲಿಮೀಟರಿನದು 99 ಮೀಟರ್ ಓಡುತ್ತದೆ. ಒಂದೇ ಗುಂಡಿ ಒತ್ತಿದ ಕೈಗೆ ಎರಡೂ ಒಂದೇ ಎನಿಸುತ್ತದೆ, ಅದೇ ಅಪಾಯ. ಗೋಡೆಯಲ್ಲಿ ನೀರು ನಿಲ್ಲದಾದ್ದರಿಂದ ಒದ್ದೆ ಸ್ಪಂಜನ್ನು ಒತ್ತುತ್ತ, ಆಗಾಗ ಬಿಟ್ಟನ್ನು ಹೊರತೆಗೆದು ತಣಿಸಬೇಕು. ಬ್ಯಾಟರಿಯ ಡ್ರಿಲ್ಲು ಇಲ್ಲಿ ಶ್ರೇಷ್ಠ. ತಂತಿಯದ್ದಾದರೆ, ವಿದ್ಯುತ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಮಾರ್ಗದಿಂದಲೇ.

ಪ್ರಬಲವಾದ ಪೂರ್ವಪಕ್ಷ ಹ್ಯಾಮರ್‌ವಾದಿಯದು: ‘ಟೈಲಿನ ಹಿಂದೆ ಕಾಂಕ್ರೀಟಿದೆ. ಹ್ಯಾಮರಿಲ್ಲದೆ ಅದು ಕೊರೆಯದು. ಹೇಗೂ ಹ್ಯಾಮರ್ ಹಾಕಬೇಕಾದ ಮೇಲೆ ಮೊದಲಿನಿಂದಲೇ ಹಾಕಿದರೇನು?’ ಹೇತು ಸತ್ಯ, ಸಾಧ್ಯ ಅಸಿದ್ಧ. ಕಾಂಕ್ರೀಟಿಗೆ ಪೆಟ್ಟು ಬೇಕೆಂಬುದರಿಂದ ಟೈಲಿಗೂ ಬೇಕೆಂದಾಗದು. ಎರಡು ದ್ರವ್ಯಗಳಿಗೆ ಎರಡು ಕ್ರಿಯೆ. ಟೈಲು ದಾಟುವವರೆಗೆ ಕೇವಲ ಭ್ರಮಣ. ದಾಟಿದ್ದು ಹೊರಬರುವ ಪುಡಿಯ ಬಣ್ಣದಿಂದ ತಿಳಿಯುತ್ತದೆ. ಆಮೇಲೆ ಬಿಟ್ಟನ್ನು ಬದಲಿಸಿ ಹ್ಯಾಮರ್. ಟೈಲಿನಲ್ಲಿ 8, ಗೋಡೆಯಲ್ಲಿ 6 ಮಿಲಿಮೀಟರ್ ಎಂದು ಅಂತರವಿಟ್ಟರೆ ಕುಟ್ಟುವ ಬಿಟ್ಟು ಟೈಲಿನ ಅಂಚನ್ನು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಪ್ಲಗ್ಗನ್ನೂ ಟೈಲಿನ ದಪ್ಪವನ್ನು ದಾಟಿಸಿ ಗೋಡೆಯೊಳಗೆ ತಳ್ಳಬೇಕು. ತಿರುಪು ಒಳಹೋದಂತೆ ಪ್ಲಗ್ಗು ಹಿಗ್ಗುತ್ತದೆ; ಆ ಹಿಗ್ಗುವಿಕೆ ಟೈಲಿನೊಳಗೇ ಆದರೆ, ರಂಧ್ರ ಎಷ್ಟು ಶುದ್ಧವಾಗಿದ್ದರೂ ಸೀಳುವುದು ನಿಶ್ಚಿತ. ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ, ಹಳೆಯ ಇಟ್ಟಿಗೆಯಲ್ಲಿ ಹ್ಯಾಮರಿನ ಅಗತ್ಯವೇ ಬಾರದೆ ಹೋಗಬಹುದು.

ಸಂಧಿವಾದಿಯದು ಇನ್ನೊಂದು ಪಕ್ಷ: ‘ಟೈಲನ್ನು ಏಕೆ ಕೊರೆಯಬೇಕು? ಎರಡು ಟೈಲುಗಳ ನಡುವಿನ ಗ್ರೌಟಿನಲ್ಲಿ ಕೊರೆದರೆ ಮುಂದೆ ಬೇಡವಾದಾಗ ಮುಚ್ಚಲೂ ಸುಲಭ.’ ಕೇಳಲು ರಮ್ಯ. ಆದರೆ 2 ಮಿಲಿಮೀಟರ್ ಸಂಧಿಯಲ್ಲಿ 6 ಮಿಲಿಮೀಟರ್ ರಂಧ್ರ ಮಾಡಿದರೆ ಎರಡೂ ಬದಿಯ ಟೈಲುಗಳ ಅಂಚಿನಿಂದ ಎರಡೆರಡು ಮಿಲಿಮೀಟರ್ ಹೋಗಲೇಬೇಕು; ಅಂಚೇ ಟೈಲಿನ ದುರ್ಬಲತಮ ದೇಶ. ಮೇಲೆ ಹೇಳಿದ ಲಕ್ಷಣದಂತೆ ಅದು ರಂಧ್ರಣವೇ ಅಲ್ಲ, ಎರಡು ಅಂಚುಗಳ ಛೇದನ. ಛೇದನಕ್ಕೆ ಡ್ರಿಲ್ ಸಾಧನವಲ್ಲ. ಸಂಧಿ 6 ಮಿಲಿಮೀಟರಿಗಿಂತ ಅಗಲವಿದ್ದರೆ ಮಾತ್ರ ಈ ವಾದಕ್ಕೆ ಅವಕಾಶ. ಬಚ್ಚಲ ಗೋಡೆಯಲ್ಲಿ ಅಂಥ ಸಂಧಿಯನ್ನು ಯಾರೂ ಬಿಡುವುದಿಲ್ಲ. ಅಂಚಿನಿಂದ ಸಾಕಷ್ಟು ಒಳಗೆ, ನಲ್ಲಿಯ ನೇರಕ್ಕೆ ಮೇಲೂ ಕೆಳಗೂ ಬಿಟ್ಟು ಕೊರೆಯಬೇಕು. ಅಡಗಿದ ಪೈಪು ಹೆಚ್ಚಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ.

ಕೊನೆಗೆ ಒಡೆದದ್ದರ ವಿಚಾರ. ಬಿರುಕು ಫ್ಲ್ಯಾಂಜಿನ ಕೆಳಗೇ ಮುಗಿದಿದ್ದರೆ ಅದನ್ನು ಸಿಲಿಕೋನಿನಿಂದ ಮುಚ್ಚಿ ಉಪೇಕ್ಷಿಸಬಹುದು. ಅದು ಅಂಚಿಗೆ ತಲುಪಿದ್ದರೆ ‘ವೈಟ್ ಸಿಮೆಂಟ್ ತುಂಬಿದರಾಯಿತು’ ಎಂಬ ಮಾತು ಸಲ್ಲದು. ತುಂಬಿದ್ದು ಕಣ್ಣಿಗೆ ಮಾತ್ರ ಮರೆಮಾಡುತ್ತದೆ, ನೀರಿಗೆ ಅಲ್ಲ. ಸೆರಾಮಿಕ್ಕಿನ ಕಾಯ ಆ ಸೀಳಿನಿಂದಲೇ ಹೀರತೊಡಗುತ್ತದೆ. ಟೈಲನ್ನು ಕಿತ್ತು ಬದಲಿಸುವುದೇ ಪ್ರಾಯಶ್ಚಿತ್ತ. ಬದಲಿ ಟೈಲು ಅದೇ ಹೆಸರಿನದಾಗಿದ್ದರೆ ಸಾಲದು, ಡಬ್ಬದ ಮೇಲಿನ ಬ್ಯಾಚ್ ಸಂಖ್ಯೆಯೂ ಒಂದೇ ಇರಬೇಕು. ಬೇರೆ ಬ್ಯಾಚಿನಲ್ಲಿ ಬಣ್ಣದ ಛಾಯೆ ಬೇರೆ, ಕೆಲವೊಮ್ಮೆ ಅಳತೆಯೂ ಅರ್ಧ ಮಿಲಿಮೀಟರ್ ಬೇರೆ. ಆದ್ದರಿಂದ ಖರೀದಿಯ ದಿನವೇ ಲೆಕ್ಕಕ್ಕಿಂತ ಒಂದು ಡಬ್ಬ ಹೆಚ್ಚು ತಂದು, ಸಂಖ್ಯೆಯಿರುವ ರಟ್ಟಿನೊಡನೆ ಅಟ್ಟದ ಮೇಲಿಡತಕ್ಕದ್ದು.